ನಾಗವೇಣಿಯ ಮೂರನೆಯ ಮಗಳ ಹೆಸರು

ನಾಗವೇಣಿಯ ಹಿರಿಯ ಮಗಳ ಹೆಸರು ಶೈಲಶ್ರೀ. ಅದು ಮಣಿಪಾಲದ ಒಂದು ಅಪಾರ್ಟ್‌ಮೆಂಟಿನ ಹೆಸರೂ ಹೌದು. ಎರಡನೆಯ ಮಗಳು ವನಶ್ರೀ. ಅದು ಕಾಪುವಿನಲ್ಲಿ ಹೆದ್ದಾರಿಯಿಂದ ಸಮುದ್ರದ ಕಡೆಗೆ ಹೋಗುವ ದಾರಿಯಲ್ಲಿರುವ ಒಂದು ಮನೆಯ ಹೆಸರು. ಎರಡನ್ನೂ ಕಟ್ಟಿದವರಲ್ಲಿ ನಾಗವೇಣಿಯ ಗಂಡ ಯಂಕಪ್ಪನೂ ಒಬ್ಬ. ಅವನು ಗಾರೆ ಕೆಲಸದವನು. ಅವನ ಕೈಗೆ ಕೆಂಪುಕಲ್ಲು, ಸಿಮೆಂಟು ಕೊಡುವ ಕೆಲಸ ನಾಗವೇಣಿಯದು.

ಬಾಗಲಕೋಟೆ ಜಿಲ್ಲೆಯ ಕೆರೂರಿನ ಹತ್ತಿರದ ಹಳ್ಳಿಯವರಾದ ಇವರು ಮದುವೆಯಾದ ವರ್ಷವೇ ಉಡುಪಿಗೆ ಬಂದರು. ಕಟ್ಟಡ ಏಳುವಲ್ಲಿ ಇವರ ತಗಡಿನ ಶೆಡ್ಡು ಏಳುತ್ತದೆ. ಕಟ್ಟಡ ಮುಗಿದರೆ ಶೆಡ್ಡು ಬಿಚ್ಚಿ ಇನ್ನೊಂದು ಕಡೆ ಹೋಗಬೇಕು. ಈ ಊರಿನಲ್ಲಿ ಕಟ್ಟಡಕ್ಕಿಂತ ಮೊದಲು ಅದರ ಹೆಸರಿನ ಬೋರ್ಡು ನಿಲ್ಲುತ್ತದೆ. ಹಿರಿಯ ಮಗಳು ಹೊಟ್ಟೆಯಲ್ಲಿದ್ದಾಗ ನಾಗವೇಣಿ ದಿನಾ ಬೆಳಿಗ್ಗೆ ಹಲ್ಲುಜ್ಜುತ್ತ ನೋಡುತ್ತಿದ್ದದ್ದು ಅಂಥ ಬೋರ್ಡನ್ನೇ. ಅದರಲ್ಲಿ ನೀಲಿ ಆಕಾಶ, ಹಸಿರು ಹುಲ್ಲು, ಇನ್ನೂ ಕಟ್ಟದ ಕಟ್ಟಡ, ಅದರ ಮುಂದೆ ಇನ್ನೂ ಯಾರೂ ಕೊಳ್ಳದ ಕಾರು ಇದ್ದವು. ನಾಲ್ಕನೆಯ ತರಗತಿಯ ತನಕ ಓದಿದ್ದ ಅವಳಿಗೆ ಶೈಲಶ್ರೀ ಎಂಬುದನ್ನು ಓದಿ ಓದಿ, ಹೆರಿಗೆಯ ಹೊತ್ತಿಗೆ ಅದು ಮಗುವಿನದೇ ಹೆಸರು ಎಂಬಂತಾಗಿತ್ತು. ಎರಡನೆಯ ಸಲವೂ ಹಾಗೆಯೇ ಆಯಿತು. ಎರಡೂ ಶ್ರೀಯಲ್ಲಿ ಮುಗಿದದ್ದು ಕಟ್ಟಿಸಿದವರ ಕೃಪೆ. ಆದರೆ ಸಂಜೆ ಶೆಡ್ಡಿನ ಬಾಗಿಲಲ್ಲಿ ನಿಂತು "ಶೈಲಶ್ರೀ, ವನಶ್ರೀ" ಎಂದು ಕರೆದರೆ, ಬರುವವರು ಒಂದೇ ತಾಯಿಯ ಮಕ್ಕಳೆಂದು ದಾರಿಯಲ್ಲಿ ಹೋಗುವವರಿಗೂ ತಿಳಿಯುತ್ತಿತ್ತು. ನಾಗವೇಣಿಗೆ ಅದು ಬಹಳ ಮುಖ್ಯವಾಗಿತ್ತು.

ಅದಕ್ಕೆ ಕಾರಣವಿದೆ. ತವರಿನಲ್ಲಿ ಅವಳ ಅಕ್ಕಂದಿರು ಗಂಗವ್ವ ಮತ್ತು ಗೌರವ್ವ. ಮೂರನೆಯವಳಾಗಿ ಹುಟ್ಟಿದ ಇವಳಿಗೆ ಸಾಕವ್ವ ಎಂದು ಹೆಸರಿಟ್ಟರು. ಹೆಣ್ಣು ಕೊಟ್ಟದ್ದು ಸಾಕು ಎಂದು ದೇವರಿಗೆ ತಿಳಿಸುವ ಹೆಸರು ಅದು. ಶಾಲೆಗೆ ಸೇರಿಸುವಾಗ ಮಾಸ್ತರರು ತಾವು ಇದನ್ನು ಬರೆಯುವುದಿಲ್ಲವೆಂದು ಹಟ ಹಿಡಿದು ನಾಗವೇಣಿ ಎಂದು ಬರೆದರು. ಮನೆಯಲ್ಲಿ ಮಾತ್ರ ಮದುವೆಯ ತನಕ ಅವಳು ಸಾಕವ್ವನೇ. "ಗಂಗವ್ವ, ಗೌರವ್ವ, ಉಣ್ಣಾಕ ಬರ್ರಿ. ಸಾಕವ್ವ, ನೀನೂ ಬಾ" ಎಂದು ತಂದೆ ಕರೆಯುತ್ತಿದ್ದರು. ಅವರಿಗೆ ಮಗಳ ಮೇಲೆ ಸಿಟ್ಟೇನೂ ಇರಲಿಲ್ಲ. ಆ ಹೆಸರನ್ನು ಬೇರೆ ರೀತಿ ಕರೆಯಲು ಬರುವುದಿಲ್ಲ, ಅಷ್ಟೆ.

ಕಳೆದ ವರ್ಷ ಅಲೆವೂರಿನಲ್ಲಿ ಒಂದು ಮನೆಯ ಕೆಲಸ ನಡೆಯುತ್ತಿದ್ದಾಗ ನಾಗವೇಣಿಗೆ ಮೂರನೆಯ ಮಗು ಹುಟ್ಟಿತು. ಹೆಣ್ಣು. ಸರ್ಕಾರಿ ಆಸ್ಪತ್ರೆಯ ಡಾಕ್ಟರು ಇನ್ನು ಮಕ್ಕಳು ಬೇಕೇ ಎಂದು ಕೇಳಿದರು. ನಾಗವೇಣಿ ಬೇಡ ಎಂದಳು. ಯಂಕಪ್ಪ ಗೋಡೆ ನೋಡುತ್ತ "ಬ್ಯಾಡ್ರಿ" ಎಂದ. ಮರುದಿನ ಆಪರೇಷನ್ ಆಯಿತು. ಈ ಸುದ್ದಿಯನ್ನು ಅವರು ಊರಿಗೆ ತಿಳಿಸಲಿಲ್ಲ. ಊರು ಎಂದರೆ ಮುಖ್ಯವಾಗಿ ರಾಚವ್ವ.

ರಾಚವ್ವ ಯಂಕಪ್ಪನ ಅಕ್ಕ. ತಾಯಿ ತೀರಿಕೊಂಡ ಮೇಲೆ ತಮ್ಮನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು. ಅವರ ಕಡೆ ತೊಟ್ಟಿಲಲ್ಲಿ ಹಾಕುವ ದಿನ ಕೂಸಿನ ಕಿವಿಯಲ್ಲಿ ಹೆಸರು ಹೇಳುವ ಹಕ್ಕು ಸೋದರತ್ತೆಗೆ. ಅವಳು ಹೇಳಿದ್ದೇ ಹೆಸರು; ಆಮೇಲೆ ಅದನ್ನು ಬದಲಿಸುವಂತಿಲ್ಲ. ಮೊದಲ ಎರಡು ಸಲ ರಾಚವ್ವನಿಗೆ ಬರಲಾಗಿರಲಿಲ್ಲ. ಫೋನನ್ನೇ ಕೂಸಿನ ಕಿವಿಗೆ ಹಿಡಿದಿದ್ದರು, ಯಂಕಪ್ಪ ಹೇಳಿಕೊಟ್ಟ ಹೆಸರನ್ನೇ ಅವಳು ಆ ಕಡೆಯಿಂದ ಹೇಳಿದ್ದಳು. ಮೂರನೆಯದೂ ಹೆಣ್ಣು ಎಂದು ತಿಳಿದಾಗ ಅವಳಿಗೆ ಕಾರಣ ಹೊಳೆಯಿತು.

"ಫೋನಿನ್ಯಾಗ ಹೆಸರಿಟ್ಟರ ಹಿಂಗ ಆಕ್ಕೈತಿ," ಎಂದಳು. "ಈ ಸಲ ನಾನ ಬರ್ತೀನಿ. ಹೆಸರು ಸಾಕವ್ವ. ಮುಂದಿಂದು ಗಂಡು ಆಗಬೇಕು."

"ಹೂಂ ಅಕ್ಕಾ," ಎಂದ ಯಂಕಪ್ಪ.

ಫೋನು ಇಟ್ಟ ಮೇಲೆ ನಾಗವೇಣಿ ಕೇಳಿದಳು. "ಹೂಂ ಅಂದೆಲ್ಲ?"

"ಅಕ್ಕಗ ಉಹೂಂ ಅಂದು ರೂಢಿ ಇಲ್ಲ."

"ಆಪರೇಷನ್ ಆಗೇತಿ ಅಂತ ಹೇಳು."

"ನೀನ ಹೇಳು."

ನಾಗವೇಣಿಯೂ ಹೇಳಲಿಲ್ಲ. ಹೇಳಿದರೆ ಮನೆತನಕ್ಕೆ ಗಂಡಿಲ್ಲದಂತೆ ಮಾಡಿದವಳು ಎಂಬ ಮಾತು ತನ್ನ ಮೇಲೆ ಬಂದು ಕೂರುತ್ತದೆ, ಗಂಡ ಊರಿಗೆ ಹೋದಾಗಲೆಲ್ಲ ಅದನ್ನು ಕೇಳಬೇಕಾಗುತ್ತದೆ. ಅವಳು ಬೇರೆ ದಾರಿ ಹುಡುಕಿದಳು. ಕೂಸಿಗೆ ಕಟ್ಟಡದ ಹೆಸರಿಡುವುದು ನಮ್ಮ ಮನೆಯ ಪದ್ಧತಿ ಎಂದು ಹೇಳಬಹುದು. ಎರಡು ಸಲ ನಡೆದದ್ದನ್ನು ಪದ್ಧತಿ ಎನ್ನಲು ಅಡ್ಡಿಯಿಲ್ಲ. ಸದ್ಯಕ್ಕೆ ಆಗಬೇಕಾದದ್ದು ಇಷ್ಟೇ: ರಾಚವ್ವ ಬರುವ ಮೊದಲು ಅಲೆವೂರಿನ ಈ ಮನೆಗೆ ಒಂದು ಹೆಸರು ಬೇಕು.

ಮನೆಯ ಯಜಮಾನರು ಸರ್ವೋತ್ತಮ. ಬಹಳ ವರ್ಷ ಮಸ್ಕತ್ತಿನಲ್ಲಿದ್ದು ಬಂದವರು. ಒಂದು ಬೆಳಿಗ್ಗೆ ಅವರೂ ಹೆಂಡತಿ ಸುಗಂಧಿಯೂ ಟೈಲ್ಸ್ ನೋಡಲು ಬಂದಾಗ ನಾಗವೇಣಿ ಕೂಸನ್ನೆತ್ತಿಕೊಂಡು ಎದುರು ನಿಂತಳು.

"ಮನಿಗೆ ಏನ್ ಹೆಸರಿಟ್ರಿ ಸರ್?"

"ಮಾತೃಶ್ರೀ," ಎಂದರು ಸರ್ವೋತ್ತಮ.

ಕೊನೆಯಲ್ಲಿ ಶ್ರೀ ಕೇಳಿ ನಾಗವೇಣಿಗೆ ಜೀವ ಬಂದಂತಾಯಿತು. "ಮಾತೃ ಅಂದ್ರ ಏನ್ರಿ?"

"ತಾಯಿ."

ಕೈಯಲ್ಲಿದ್ದ ಕೂಸನ್ನು ಅವಳು ಒಮ್ಮೆ ನೋಡಿದಳು. ಅದು ಯಾರ ತಾಯಿಯಂತೆಯೂ ಕಾಣಲಿಲ್ಲ. ಆದರೂ ಸಾಕವ್ವನಿಗಿಂತ ವಾಸಿ ಎಂದುಕೊಳ್ಳುವಷ್ಟರಲ್ಲಿ ಸುಗಂಧಿ ಬಾಯಿ ಹಾಕಿದರು.

"ಅದು ಇನ್ನೂ ಫೈನಲ್ ಆಗಲಿಲ್ಲ. ಈ ರಸ್ತೆಯಲ್ಲೇ ಮೂರು ಮಾತೃಶ್ರೀ ಉಂಟು. ಕೊರಿಯರಿನವ ನಮ್ಮ ಪಾರ್ಸೆಲನ್ನು ಮೊದಲನೇ ಮಾತೃಶ್ರೀಗೆ ಕೊಟ್ಟು ಹೋಗ್ತಾನೆ."

"ಹಾಗಾದರೆ ನೀನೇ ಹೇಳು."

"ಹೇಳಿದ್ದೇನಲ್ಲ. ಅಕ್ಷಿತ್, ಚೈತಾಲಿ, ಎರಡು ಮಕ್ಕಳ ಹೆಸರನ್ನೂ ಸೇರಿಸಿ ಅಕ್ಷಿತಾಲಿ."

"ಕೆಮ್ಮಿನ ಔಷಧದ ಹಾಗೆ ಉಂಟು ಮಾರಾಯ್ತಿ."

ಅಲ್ಲಿಂದ ಮುಂದೆ ಅವರು ತುಳುವಿಗೆ ಇಳಿದರು. ನಾಗವೇಣಿಗೆ ಈಗ ತುಳು ಸಾಕಷ್ಟು ತಿಳಿಯುತ್ತದೆ. ಈ ತಿಂಗಳಲ್ಲಿ ಹೆಸರು ಬರುವುದಿಲ್ಲ ಎಂಬುದು ಅದರಿಂದಲೇ ತಿಳಿಯಿತು. ಕೊನೆಗೆ ಸುಗಂಧಿ ಇವಳ ಕಡೆ ತಿರುಗಿ, ಮನೆಯ ಹೆಸರಿಗೆ ನಿನಗೆಂತ ಅರ್ಜೆಂಟು ಎಂದು ಕೇಳಿದರು. ನಾಗವೇಣಿ ಎಲ್ಲವನ್ನೂ ಹೇಳಿದಳು, ಆಪರೇಷನ್ ಒಂದನ್ನು ಬಿಟ್ಟು.

"ನಿನ್ನ ಮಗು ಅಲ್ವಾ? ನಿನಗೆ ಬೇಕಾದ ಹೆಸರು ಇಡು."

"ಹಂಗ ಇಡಾಕ ಬರೂದಿಲ್ಲ ಮೇಡಂ. ನಾನು ಇಟ್ಟರ ನಾನ ಇಟ್ಟಂಗ ಆಕ್ಕೈತಿ. ಬೋರ್ಡಿನ ಮ್ಯಾಲ ಇದ್ದರ ಯಾರೂ ಇಟ್ಟಂಗ ಅಲ್ಲ."

ಸುಗಂಧಿ ಸ್ವಲ್ಪ ಹೊತ್ತು ಯೋಚಿಸಿ, ಕೂಸಿಗೆ ಎರಡು ಟವೆಲ್ ಕಳಿಸಿಕೊಡುತ್ತೇನೆ ಎಂದರು.

ರಾಚವ್ವ ಒಂದು ಚೀಲದಲ್ಲಿ ರೊಟ್ಟಿ, ಇನ್ನೊಂದು ಚೀಲದಲ್ಲಿ ಒಂದು ಗುಂಡುಕಲ್ಲು ಹೊತ್ತುಕೊಂಡು ಬಂದಿಳಿದಳು. ತೊಟ್ಟಿಲ ಶಾಸ್ತ್ರಕ್ಕೆ ಕೂಸಿನ ಜೊತೆಗೆ ಕಲ್ಲೂ ಬೇಕು. ಉಡುಪಿಯಲ್ಲಿ ಕಲ್ಲು ಸಿಗುತ್ತದೆಯೋ ಇಲ್ಲವೋ ಎಂದು ಅವಳಿಗೆ ಅನುಮಾನವಿತ್ತು.

"ಅತ್ತೆ, ಇದು ಎಂತದು?" ಎಂದು ಶೈಲಶ್ರೀ ಚೀಲ ಮುಟ್ಟಿ ಕೇಳಿದಳು.

"ಎಂತ ಅಂದ್ರ ಏನ?" ಎಂದು ರಾಚವ್ವ ತಮ್ಮನನ್ನು ಕೇಳಿದಳು. "ಈ ಹುಡುಗ್ಯಾರು ಪುಸ್ತಕ ಓದಿದಂಗ ಯಾಕ ಮಾತಾಡ್ತಾವ?"

ಊಟವಾದ ಮೇಲೆ ನಾಗವೇಣಿ ಮಾತು ತೆಗೆದಳು. ಮನೆಯ ಹೆಸರು ಕೈಕೊಟ್ಟಿದ್ದರಿಂದ ಅವಳ ಹತ್ತಿರ ಉಳಿದದ್ದು ಒಂದೇ ವಾದ.

"ಅಕ್ಕಾರ, ಆ ಹೆಸರು ಕೆಲಸ ಮಾಡೂದಿಲ್ರಿ. ನನ್ನ ಹೆಸರ ಸಾಕವ್ವ ಇತ್ತು. ನನ್ನ ಹಿಂದ ಮತ್ತ ಇಬ್ಬರು ಹೆಣ್ಣ ಹುಟ್ಟಿದ್ರು."

ರಾಚವ್ವನಿಗೆ ಇದು ಹೊಸ ಸಂಗತಿ. ಅವಳು ಎಲ್ಲವನ್ನೂ ಕೇಳಿ ತಿಳಿದುಕೊಂಡಳು, ಮಾಸ್ತರರ ಹಟವನ್ನೂ.

"ಸಾಲ್ಯಾಗ ಬದಲಿ ಮಾಡಿದ್ರಲ್ಲ, ಅದಕ್ಕ," ಎಂದಳು. "ಅರ್ಧ ಔಷಧ ಕುಡದು ಬಿಟ್ಟರ ಜ್ವರ ಬಿಡತೈತೇನು?"

"ಸಾಲಿಗೆ ಹೋಗೂಕಿಂತ ಮೊದಲ ಒಬ್ಬಾಕಿ ಹುಟ್ಟಿದ್ಲರಿ."

"ಆಕಿ ಆಗಲೇ ದಾರ್ಯಾಗ ಇದ್ದಿರಬೇಕು."

ಯಂಕಪ್ಪ ಎದ್ದು ಸ್ಲ್ಯಾಬಿಗೆ ನೀರು ಹಾಕಿ ಬರುತ್ತೇನೆ ಎಂದು ಹೊರಗೆ ಹೋದ. ಅದಕ್ಕೆ ಸಂಜೆಯೇ ನೀರು ಹಾಕಿಯಾಗಿತ್ತು.

ಮರುದಿನ ತೊಟ್ಟಿಲು. ಶೆಡ್ಡಿನಲ್ಲಿ ಜಾಗ ಸಾಲದೆಂದು ಸರ್ವೋತ್ತಮರು ಹೊಸ ಮನೆಯ ಜಗಲಿಯಲ್ಲೇ ಮಾಡಿಕೊಳ್ಳಲು ಹೇಳಿದ್ದರು. ಫ್ಯಾನಿಗೆಂದು ಸ್ಲ್ಯಾಬಿನಲ್ಲಿ ಯಂಕಪ್ಪನೇ ಕೂರಿಸಿದ್ದ ಕೊಂಡಿಗೆ ಸೀರೆ ಕಟ್ಟಿ ತೊಟ್ಟಿಲು ಮಾಡಿದರು. ಬೇರೆ ಶೆಡ್ಡುಗಳ ಹೆಂಗಸರು ಬಂದರು. ಸರ್ವೋತ್ತಮ, ಸುಗಂಧಿ ಬಂದರು. ಜೊತೆಗೆ ಸರ್ವೋತ್ತಮರ ತಾಯಿ ಗುಣವತಿ ಅಮ್ಮನೂ ಕಾರಿನಿಂದ ಇಳಿದು, ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು, ಎಂತ ಹೆಸರು ಎಂದು ವಿಚಾರಿಸಿದರು.

"ಸಾಕವ್ವ ರೀ," ಎಂದಳು ರಾಚವ್ವ. "ಹೆಣ್ಣು ಸಾಕು ಅಂತ."

"ಅಯ್ಯೋ ದೇವರೇ! ನಮ್ಮದು ಅಳಿಯಸಂತಾನ, ವಂಶ ಹೆಣ್ಣಿನಿಂದ. ಹೆಣ್ಣು ಹುಟ್ಟದಿದ್ದರೆ ಕುಟುಂಬ ಅಲ್ಲಿಗೇ ಮುಗಿಯಿತು ಅಂತ ಲೆಕ್ಕ. ನನಗೆ ಹೆಣ್ಣು ಆಗಲೇ ಇಲ್ಲ."

ರಾಚವ್ವನಿಗೆ ಕುತೂಹಲವಾಯಿತು. "ಹಂಗಾದ್ರ ಗಂಡು ಹುಟ್ಟಿದಾಗ ನೀವು ಸಾಕಪ್ಪ ಅಂತ ಇಡ್ತೀರೇನ್ರಿ?"

ಗುಣವತಿ ಅಮ್ಮ ಮಗನ ಕಡೆ ನೋಡಿದರು. "ಇಡಬಹುದಿತ್ತು. ಆಗ ಹೊಳೆಯಲಿಲ್ಲ. ಸರ್ವೋತ್ತಮ ಅಂತ ಇಟ್ಟೆ."

ಸರ್ವೋತ್ತಮರು ಕಿಟಕಿಯ ಸರಳು ಪರೀಕ್ಷಿಸತೊಡಗಿದರು. ಹೆಂಗಸರು ಬಾಯಿಗೆ ಸೆರಗು ಹಿಡಿದು ನಕ್ಕರು. ರಾಚವ್ವನೂ ನಕ್ಕಳು. ಆದರೆ ಶಾಸ್ತ್ರ ಶಾಸ್ತ್ರವೇ. "ನಿಮ್ಮ ಪದ್ಧತಿ ನಿಮಗರಿ, ನಮ್ಮದು ನಮಗ" ಎಂದು ಹೇಳಿ, ಕೂಸಿನ ಕುಲಾವಿ ತೊಡಿಸಿದ್ದ ಗುಂಡುಕಲ್ಲನ್ನು ತೊಟ್ಟಿಲ ಕೆಳಗಿನಿಂದ ಒಬ್ಬಳಿಗೆ ಕೊಟ್ಟು, ಮೇಲಿನಿಂದ ಇಸಿದುಕೊಂಡಳು. ಆಮೇಲೆ ಕೂಸನ್ನು ಎತ್ತಿಕೊಂಡು ಅದರ ಕಿವಿಯ ಕಡೆಗೆ ಬಗ್ಗಿದಳು.

"ಅಕ್ಕಾರ, ತಡೀರಿ," ಎಂದಳು ನಾಗವೇಣಿ. "ಆಪರೇಷನ್ ಆಗೇತ್ರಿ."

"ಯಾರಿಗೆ?"

"ನನಗ. ಹಡದ ಮರುದಿನ."

ರಾಚವ್ವ ತಮ್ಮನನ್ನು ನೋಡಿದಳು. ತಮ್ಮ ತಾನು ಕೂರಿಸಿದ ಕೊಂಡಿಯನ್ನು ನೋಡುತ್ತಿದ್ದ.

"ಇವ ಹೂಂ ಅಂದನೇನು?"

"ಅಂದ್ರು."

"ಇವ ಎಲ್ಲಾದಕ್ಕೂ ಹೂಂ ಅಂತಾನ," ಎಂದಳು ರಾಚವ್ವ. ಕೂಸನ್ನು ಹಿಡಿದುಕೊಂಡೇ ಅಲ್ಲಿದ್ದ ಸಿಮೆಂಟಿನ ಚೀಲದ ಮೇಲೆ ಕೂತಳು. ಸೆರಗಿನಿಂದ ಒಮ್ಮೆ ಮುಖ ಒರೆಸಿಕೊಂಡಳು. ಕೂಸು ಅವಳ ಕೊರಳಿನ ಗುಂಡಿನ ಸರ ಹಿಡಿದು ಎಳೆಯಿತು. ಅವಳು ಅದರ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು, ಅದು ಮತ್ತೆ ಹಿಡಿಯಿತು.

"ಹಂಗಾದ್ರ ಸಾಕವ್ವ ಅಂತ ಇಟ್ಟು ಏನ ಉಪಯೋಗ?" ಎಂದಳು ಕೊನೆಗೆ. "ಹೆಸರು ದಂಡ ಆಕ್ಕೈತಿ. ಮೊದಲ ಹೇಳಿದ್ರ ಬಸ್ಸಿನ್ಯಾಗ ಕೂತು ಬ್ಯಾರೆ ಏನರ ಯೋಚನಿ ಮಾಡ್ತಿದ್ನಿ. ಹೇಳು ಈಗ, ಏನ ಇಡ್ಲಿ?"

ಒಂದು ಹೆಸರನ್ನು ತಡೆಯುವ ಬಗ್ಗೆ ನಾಗವೇಣಿ ಅಷ್ಟು ದಿನ ಯೋಚಿಸಿದ್ದಳು. ತಡೆದ ಮೇಲೆ ಏನು ಎಂದು ಯೋಚಿಸಿರಲಿಲ್ಲ.

"ಶೈಲ ಅಂದರೆ ಬೆಟ್ಟ, ವನ ಅಂದರೆ ಕಾಡು," ಎಂದಳು ಶೈಲಶ್ರೀ. "ನಮ್ಮ ಟೀಚರ್ ಹೇಳಿದ್ದಾರೆ."

"ಹಾಗಾದರೆ ಇವಳು ಸಮುದ್ರಶ್ರೀ," ಎಂದಳು ವನಶ್ರೀ.

ಹೆಂಗಸರು ಮತ್ತೆ ನಕ್ಕರು. ವನಶ್ರೀಗೆ ನಗುವಂಥದ್ದು ಏನೆಂದು ತಿಳಿಯಲಿಲ್ಲ. ಸಮುದ್ರಕ್ಕೆ ಸಿಂಧು ಅಂತಲೂ ಹೇಳುವುದುಂಟು ಎಂದು ಸುಗಂಧಿ ಹೇಳಿ, ಮಧ್ಯೆ ಬಾಯಿ ಹಾಕಿದೆನೇನೋ ಎಂಬಂತೆ ಹಿಂದೆ ಸರಿದು ನಿಂತರು. ಎಲ್ಲರೂ ನಾಗವೇಣಿಯ ಕಡೆ ನೋಡಿದರು. ದೊಡ್ಡ ಮಕ್ಕಳ ಎರಡು ಹೆಸರನ್ನೂ ಅವಳು ನಾಲಿಗೆಯ ಮೇಲೆ ಒಮ್ಮೆ ಆಡಿಸಿ, ಮೂರನೆಯದನ್ನು ಪಕ್ಕದಲ್ಲಿ ಇಟ್ಟು ನೋಡಿದಳು.

"ಸಿಂಧುಶ್ರೀ," ಎಂದಳು.

"ಯಾರ ಇಟ್ಟಿದ್ದು ಅಂತ ಊರಾಗ ಕೇಳಿದ್ರ ಏನ ಹೇಳ್ಲಿ?"

"ನಾಗವೇಣಿನ ಇಟ್ಲು ಅಂತ ಹೇಳ್ರಿ."

ರಾಚವ್ವ ಕೂಸನ್ನು ತೊಟ್ಟಿಲಿಗೆ ಹಾಕಿ, ಬಗ್ಗಿ, ಅದರ ಕಿವಿಯಲ್ಲಿ "ಕುರ್‌ರ್ ಸಿಂದುಸಿರಿ" ಎಂದಳು. ಅವಳ ಬಾಯಲ್ಲಿ ಅದು ಹಾಗೆಯೇ ಬಂತು, ಯಾರೂ ತಿದ್ದಲಿಲ್ಲ. ಹೆಸರು ಹೇಳಿದ ಕೂಡಲೇ ಸುತ್ತಲಿನ ಹೆಂಗಸರು ಸೋದರತ್ತೆಯ ಬೆನ್ನಿಗೆ ಗುದ್ದಬೇಕು. 'ಕುರ್‌ರ್' ಎಂಬ ಮಾತಿನ ಹಿಂದೆಯೇ ಗುದ್ದು ಬೀಳಬೇಕು ಎಂಬುದು ಶಾಸ್ತ್ರ. ಎಲ್ಲರೂ ಗುದ್ದಿದರು, ಹುಡುಗಿಯರೂ ಗುದ್ದಿದರು. ಹೆತ್ತವಳು ಗುದ್ದುವ ಪದ್ಧತಿ ಇಲ್ಲ. ನಾಗವೇಣಿ ಕೂತಲ್ಲಿಂದ ಎದ್ದು ಬಂದು ಎರಡು ಗುದ್ದು ಹಾಕಿದಳು. ಕಲ್ಲು ಎತ್ತಿ ರೂಢಿಯಾದ ಕೈ ಅದು.

ರಾಚವ್ವ ತಿರುಗಿ ನೋಡಲಿಲ್ಲ.

"ಹೊಟ್ಟಿ ಕೊಯ್ಸಿಕೊಂಡಾಕಿ ಇಷ್ಟ ಜೋರ ಗುದ್ದಬಾರದು ನಾಗವೇಣಿ," ಎಂದಳು. "ಹೊಲಿಗಿ ಬಿಚ್ಚತಾವು."