ಗಾಜಿನ ಮೇಲಿನ ಮೂರು ಚುಕ್ಕಿ

ಬೀದರದ ಪೆಟ್ರೋಲ್ ಪಂಪಿನ ಹಳೆಯ ಹವಾ ಮೀಟರನ್ನು ದುರಸ್ತಿ ಮಾಡಿಸುತ್ತಿದ್ದೇವೆ, ನೀವು ಬಂದು ನೋಡಬೇಕು ಎಂದು ಮಾಲಕನ ಮಗ ಹೇಳಿ ಕಳಿಸಿದ. ಮೊಣಕಾಲು ನೋವು ಅಂದೆ. ಸುಳ್ಳು. ನಾನಿರುವ ಔರಾದಿನಲ್ಲಿ ಬಸ್ಸು ಹತ್ತುವಷ್ಟು ಕಾಲು ಇನ್ನೂ ಗಟ್ಟಿ ಇವೆ. ಅವನು ಗಾಡಿಯನ್ನೇ ಕಳಿಸಿದ. ಹೋಗಬೇಕಾಯಿತು.

ಆ ಮೀಟರಿನ ಮುಂದೆ ನಾನು ಹನ್ನೆರಡು ವರ್ಷ ನಿಂತಿದ್ದೇನೆ. ಮೊದಲು ಅಲ್ಲಿ ಗಾಡಿಗಳ ಟೈರಿಗೆ ಹವಾ ಹಾಕುತ್ತಿದ್ದವನು ನನ್ನ ಗಂಡ. ಅವನ ಸೊಂಟ ಹೋದ ಮೇಲೆ ಆ ಕೆಲಸ ನನಗೆ ಕೊಡಿ ಎಂದು ಮಾಲಕರನ್ನು ಕೇಳಿದೆ. ಅಂಕಿ ಓದಲಿಕ್ಕೆ ಬರುತ್ತದೆಯೇ ಅಂದರು. ಬರುತ್ತದೆ ಅಂದೆ. ಬರುತ್ತಿರಲಿಲ್ಲ. ಈಗ ಇಷ್ಟು ಬರೆಯುತ್ತಿದ್ದೇನಲ್ಲ, ಇದನ್ನು ಕಲಿತದ್ದು ತಲೆ ನೆರೆತ ಮೇಲೆ, ಮೊಮ್ಮಗಳ ಪಾಟಿಯಲ್ಲಿ.

ಮೀಟರು ಅಂದರೆ ಕಂಬದ ಮೇಲೆ ಒಂದು ಕೆಂಪು ಡಬ್ಬಿ, ಅದರ ಮುಖಕ್ಕೆ ಗಡಿಯಾರದ ಹಾಗೆ ಅಂಕಿ, ಮುಳ್ಳು, ಮೇಲೆ ಗಾಜು. ಪಕ್ಕದ ಹಿಡಿಕೆ ತಿರುವಿ ಮುಳ್ಳನ್ನು ಬೇಕಾದ ಅಂಕಿಗೆ ನಿಲ್ಲಿಸಬೇಕು. ಟೈರಿಗೆ ಪೈಪು ಹಚ್ಚಿದರೆ ಟಣ್ ಟಣ್ ಎಂದು ಗಂಟೆ ಬಡಿಯುತ್ತದೆ. ಹವಾ ಸಾಕಾದಾಗ ಗಂಟೆ ನಿಲ್ಲುತ್ತದೆ. ಗಂಡನಿಗೆ ಬುತ್ತಿ ಒಯ್ಯುತ್ತಿದ್ದಾಗ ಯಾವ ಗಾಡಿಗೆ ಮುಳ್ಳು ಎಲ್ಲಿ ನಿಲ್ಲುತ್ತದೆ ಎಂದು ನೋಡಿಟ್ಟುಕೊಂಡಿದ್ದೆ. ಮಗಳ ಉಗುರುಬಣ್ಣ ತಂದು ಗಾಜಿನ ಮೇಲೆ ಮೂರು ಚುಕ್ಕಿ ಇಟ್ಟೆ. ಮೋಟಾರ್ ಸೈಕಲ್ಲಿಗೆ ಒಂದು, ಜೀಪಿಗೆ ಒಂದು, ಲಾರಿಗೆ ಒಂದು. ಯಾರಿಗೂ ಗೊತ್ತಾಗಲಿಲ್ಲ.

ಪಂಪಿನಲ್ಲಿ ಯಂತ್ರ ದುರಸ್ತಿಗೆ ಭಾಲ್ಕಿಯವನೊಬ್ಬ ಮಿಸ್ತ್ರಿ ಇದ್ದ. ನನಗಿಂತ ಸಣ್ಣವ, ನನ್ನನ್ನು ಅಕ್ಕಾ ಅನ್ನುತ್ತಿದ್ದ. ಒಂದು ಸಂಜೆ ಮೀಟರಿನ ಗಾಜು ಬಿಚ್ಚಿ, ಒಳಗಿನ ಧೂಳು ಒರೆಸಿ, ಎಣ್ಣೆ ಬಿಟ್ಟು ಮತ್ತೆ ಕೂಡಿಸಿದ. ಮರುದಿನ ಬೆಳಿಗ್ಗೆ ಜೀಪು ಬಂತು. ನಾನು ಜೀಪಿನ ಚುಕ್ಕಿಗೆ ಮುಳ್ಳು ತಂದೆ. ಗಂಟೆ ಬಡಿಯುತ್ತಲೇ ಇತ್ತು, ನಿಲ್ಲಲಿಲ್ಲ. ಟೈರು ಒಡೆಯಿತು. ಡ್ರೈವರನ ಕಾಲು ಹರಿದು ರಕ್ತ ಬಂತು.

ಜನ ಅವನ ಸುತ್ತ ಸೇರಿದಾಗ ನಾನು ಗಾಜು ನೋಡಿದೆ. ಕೆಳಗಿರಬೇಕಾದ ಮೊದಲನೆಯ ಚುಕ್ಕಿ ಮೇಲೆ ಬಂದಿತ್ತು. ಕೂಡಿಸುವಾಗ ಗಾಜು ತಿರುಗಿ ಜೀಪಿನ ಚುಕ್ಕಿ ಹೆಚ್ಚಿನ ಅಂಕಿಗೆ ಸರಿದಿತ್ತು, ಅಷ್ಟೇ. ಮೀಟರಿಗೆ ಏನೂ ಆಗಿರಲಿಲ್ಲ. ಕೈಯಿಂದಲೇ ಗಾಜನ್ನು ಮೊದಲಿನ ಜಾಗಕ್ಕೆ ತಿರುಗಿಸಿದೆ. ಮಾಲಕರು ಕೇಳಿದಾಗ, ನಿನ್ನೆ ಮೀಟರು ಬಿಚ್ಚಿದವನನ್ನು ಕೇಳಿರಿ ಅಂದೆ. ಅವತ್ತೇ ಅವನನ್ನು ಕೆಲಸದಿಂದ ತೆಗೆದರು. ಮೀಟರನ್ನು ಯಾರೂ ಪರೀಕ್ಷೆ ಮಾಡಲಿಲ್ಲ. ನಾನು ಮತ್ತೆ ಏಳು ವರ್ಷ ಅಲ್ಲೇ ಹವಾ ಹಾಕಿದೆ.

ಈಗ ಗಾಡಿಯಿಂದ ಇಳಿದು ನೋಡಿದರೆ, ಮೀಟರು ಬಿಚ್ಚಿಕೊಂಡು ಕೂತವನು ಆ ಮಿಸ್ತ್ರಿಯೇ. ಕೂದಲೆಲ್ಲ ಬೆಳ್ಳಗೆ. ಮಾಲಕನ ಮಗ ಕರೆದಾಗ ಎರಡು ಸಲ ಒಲ್ಲೆ ಅಂದು ಮೂರನೆಯ ಸಲ ಒಪ್ಪಿಕೊಂಡನಂತೆ. ಪಂಪಿನ ಕೆಲಸ ಹೋದ ಮೇಲೆ ಹೊಲಿಗೆ ಯಂತ್ರ, ಬಾವಿಯ ಮೋಟಾರು ಅಷ್ಟೇ ದುರಸ್ತಿ ಮಾಡಿಕೊಂಡಿದ್ದಾನೆ. ಮುಳ್ಳು ಇರುವ ಸಾಮಾನು ಒಂದನ್ನೂ ಮುಟ್ಟಿಲ್ಲವಂತೆ. ಹಲ್ಲುಚಕ್ರ, ಸ್ಪ್ರಿಂಗು, ಗಂಟೆ, ಎಲ್ಲ ಒಂದು ಹಳೆಯ ಪೇಪರಿನ ಮೇಲೆ ಸಾಲಾಗಿ ಇಟ್ಟಿದ್ದ.

“ನನ್ನ ಕೈ ಅವತ್ತ ಎಲ್ಲಿ ತಪ್ಪೇದ ಅಂತ ನೋಡಾಕ ಬಂದೇನಿ ಅಕ್ಕಾ,” ಅಂದ. “ಎಲ್ಲಾ ಬಿಚ್ಚಿ ನೋಡ್ದೆ. ಏನೂ ಸಿಗವಲ್ದು.”

ನಾನು ಅವನನ್ನು ಮರೆತಿರಲಿಲ್ಲ. ಆದರೆ ನಾನು ಸುಳ್ಳು ಹೇಳಿದ್ದು ಅವನಿಗೆ ಗೊತ್ತಿದ್ದೀತು, ನನ್ನನ್ನು ಬೈದುಕೊಂಡು ಇದ್ದಾನು ಎಂದುಕೊಂಡಿದ್ದೆ. ಅವನು ತನ್ನ ಕೈಯನ್ನೇ ಬೈದುಕೊಂಡಿದ್ದ.

ಕೊನೆಗೆ ಗಾಜು ತೆಗೆದುಕೊಂಡ. ಚುಕ್ಕಿಗಳು ಹಾಗೇ ಇದ್ದವು. ಯಾರೋ ಹುಡುಗರು ಬಣ್ಣ ಮೆತ್ತಿದ್ದಾರೆ ಅನ್ನುತ್ತಾ ಸೀಮೆಎಣ್ಣೆಯ ಬಟ್ಟೆಯಿಂದ ತಿಕ್ಕಿದ. ಒಂದು ಹೋಯಿತು. ಎರಡನೆಯದೂ ಹೋಯಿತು. ಮೂರನೆಯದೂ ಹೋಗಲಿ, ಮನೆಗೆ ಹೋಗುತ್ತೇನೆ ಅನ್ನಿಸಿದ್ದು ನಿಜ. ಬಟ್ಟೆ ಅದರ ಮೇಲೆ ಬಂದಾಗ ಅವನ ಕೈ ಹಿಡಿದೆ.

“ಅದನ್ನ ನಾನೇ ಇಟ್ಟೇನಿ ತಮ್ಮಾ. ನನಗ ಅಂಕಿ ಬರ್ತಿದ್ದಿಲ್ಲ. ನೀ ಗಾಜ ಕೂಡಿಸಿದಾಗ ಚುಕ್ಕಿ ಸರದಿತ್ತು. ನಿನ್ನ ಕೈ ತಪ್ಪಿಲ್ಲ.”

ಅವನು ಗಾಜನ್ನು ಪೇಪರಿನ ಮೇಲೆ ಇಟ್ಟ. ಬಹಳ ಹೊತ್ತು ಬಟ್ಟೆಯನ್ನು ಮಡಚಿದ, ಬಿಚ್ಚಿದ. ಆಮೇಲೆ, ಇದನ್ನು ಮಾಲಕರ ಮುಂದೆ ಹೇಳಿರಿ ಅಂದ. ಹಿರಿಯ ಮಾಲಕರು ತೀರಿಕೊಂಡಿದ್ದಾರೆ. ಮಗನನ್ನು ಕರೆದು ಎಲ್ಲ ಹೇಳಿದೆ. ಅವನು ನಕ್ಕುಬಿಟ್ಟ.

“ಬಿಡ್ರಿ ಆಯಿ, ಹಳೇ ಮಾತದು.”

“ನಿಮಗ ಹಳೇದರಿ,” ಅಂದ ಮಿಸ್ತ್ರಿ.

ಹುಡುಗನ ನಗು ನಿಂತಿತು. ನನಗೆ ತಲೆ ಎತ್ತಲಿಕ್ಕೆ ಆಗಲಿಲ್ಲ.

ಸಂಜೆಯೊಳಗೆ ಮೀಟರು ಕೂಡಿತು. ಗಾಜು ಸ್ವಚ್ಛ ಇತ್ತು. ಮಿಸ್ತ್ರಿ ಒಂದು ಜೀಪು ನಿಲ್ಲಿಸಿ, ಹವಾ ಹಾಕಿರಿ ಅಂದ. ಅಕ್ಕಾ ಅನ್ನಲಿಲ್ಲ. ಅಂಕಿ ಓದಿ, ಮೂವತ್ತಕ್ಕೆ ಮುಳ್ಳು ತಂದು, ಪೈಪು ಹಚ್ಚಿದೆ. ಗಂಟೆ ಬಡಿಯಿತು, ನಿಂತಿತು. ಅವನು ಜೇಬಿನಿಂದ ಹವಾ ಅಳೆಯುವ ತನ್ನ ಕಡ್ಡಿ ತೆಗೆದು ನಾನು ಹಾಕಿದ ಟೈರನ್ನು ನೋಡಿದ. ಮತ್ತೊಮ್ಮೆ ನೋಡಿದ. ನೋಡಲಿ ಎಂದು ನಾನು ಪಕ್ಕಕ್ಕೆ ಸರಿದು ನಿಂತೆ.