ಹಲ್ಲಿಗೆ ಕಟ್ಟಿದ ಬ್ಯಾಂಡೇಜು

ನನ್ನ ಮಗಳು ಬಲ ಮುಂಗೈ ಮೇಲೆ ಹಲ್ಲಿಯ ಟ್ಯಾಟೂ ಹಾಕಿಸಿಕೊಂಡು ಬಂದ ದಿನ ನನ್ನ ಅಮ್ಮ ಮೊದಲು ಮಾಡಿದ ಕೆಲಸ ಪಂಚಾಂಗ ತೆಗೆದದ್ದು. ಹಲ್ಲಿ ಮೈಮೇಲೆ ಎಲ್ಲಿ ಬಿದ್ದರೆ ಏನು ಫಲ ಎಂದು ಅದರಲ್ಲಿ ಒಂದು ಪಟ್ಟಿ ಇರುತ್ತದೆ. ಎಂಬತ್ತೆರಡರ ಅಮ್ಮ ಕನ್ನಡಕ ಸರಿಮಾಡಿಕೊಂಡು, ಬೆರಳಿಟ್ಟು ಹುಡುಕಿದಳು. ಬಲಗೈಗೆ ಫಲ ಒಳ್ಳೆಯದೇ ಇತ್ತು. ಅದರಿಂದ ಅವಳಿಗೆ ಇನ್ನೂ ಸಿಟ್ಟು ಬಂತು.

"ಬಿದ್ದ ಹಲ್ಲಿ ಹೋಗತ್ತೆ, ತಲೆಗೆ ನೀರು ಹಾಕ್ಕೊಂಡ್ರೆ ಮುಗೀತು. ಇದು ಹೋಗತ್ತಾ? ಏನೇ ಇದು ಅಸಿಂಗ!" ಎಂದಳು.

ಅಸಿಂಗ ಎನ್ನುವುದು ತಮಿಳುನಾಡಿನಲ್ಲಿ ನೆಲೆಸಿದ ನಮ್ಮ ಮನೆಯ ಕನ್ನಡಕ್ಕೆ ತಮಿಳು ಕೊಟ್ಟ ಮಾತು. ಹೇಸಿಗೆ, ನಾಚಿಕೆಗೇಡು, ಕೀಳು, ಎಲ್ಲವೂ ಅದರೊಳಗೇ ಇದೆ. ಅದಕ್ಕೆ ಎದುರಾಗಿ ಅಮ್ಮನ ಬಾಯಲ್ಲಿ ಇರುವುದು ಲಕ್ಷಣ. ಲಕ್ಷಣವಾಗಿ ತಲೆ ಬಾಚಿಕೋ, ಲಕ್ಷಣವಾಗಿ ಕೂತುಕೋ, ಲಕ್ಷಣವಾಗಿ ನಗು. ನಾನು ಐವತ್ತೆಂಟು ವರ್ಷ ಲಕ್ಷಣವಾಗಿ ಬದುಕಿದ್ದೇನೆ.

ಮಗಳ ಪರವಾಗಿ ವಕಾಲತ್ತು ಮಾಡುತ್ತಿದ್ದೇನೆ ಎಂದುಕೊಳ್ಳಬೇಡಿ. ಆ ಹಲ್ಲಿ ನನಗೂ ಇಷ್ಟವಿಲ್ಲ. ಗೋಡೆಯ ಮೇಲಿನದನ್ನೇ ನೋಡಲಾಗದೆ ಪೊರಕೆ ಹಿಡಿದು ನಿಲ್ಲುವವಳು ನಾನು. ಅವಳಿಗೋ ಚಿಕ್ಕಂದಿನಿಂದ ಹಲ್ಲಿ ಎಂದರೆ ಪ್ರಾಣ, ಟ್ಯೂಬ್‌ಲೈಟಿನ ಹಿಂದಿರುವುದಕ್ಕೆಲ್ಲ ಹೆಸರಿಡುತ್ತಿದ್ದಳು. ಅವಳ ಕೈ, ಅವಳ ಹಲ್ಲಿ. ನನ್ನ ರುಚಿಗೆ ಹೊಂದಲಿಲ್ಲ ಎಂದರೆ ನಾನು ಬೇರೆ ಕಡೆ ನೋಡಬಹುದು, ನಾವಿರುವ ಕ್ರೋಂಪೇಟೆಯಲ್ಲಿ ನೋಡಲು ಬೇರೆ ಬೇಕಾದಷ್ಟಿದೆ.

ಅಮ್ಮನ ಸಿಟ್ಟಿಗೆ ಹಳೆಯ ಬೇರಿದೆ. ನಾವು ಆಗ ಕೋಡಂಬಾಕ್ಕಂನಲ್ಲಿದ್ದೆವು. ಅಪ್ಪನ ಅಮ್ಮ, ನನ್ನ ಅಜ್ಜಿ, ಮೊಣಕೈವರೆಗೆ ಹಸಿರು ಹಚ್ಚೆ ಹಾಕಿಸಿಕೊಂಡವಳು. ಸತ್ತಾಗ ಒಡವೆ ಬಿಚ್ಚಿಕೊಳ್ಳುತ್ತಾರೆ, ಸೀರೆ ಬಿಚ್ಚಿಕೊಳ್ಳುತ್ತಾರೆ, ಜೊತೆಗೆ ಬರುವುದು ಹಚ್ಚೆ ಒಂದೇ ಎಂದು ಹೇಳುತ್ತಿದ್ದಳು. ನನಗೆ ಹದಿನಾರು ತುಂಬಿದಾಗ ಬೀದಿಯಲ್ಲಿ ಬಂದ ಹಚ್ಚೆಯವಳನ್ನು ಜಗುಲಿಯ ಮೇಲೆ ಕೂರಿಸಿ, ನನ್ನ ಎಡಗೈ ಮಣಿಕಟ್ಟಿನ ಮೇಲೆ ಒಂದು ಪುಟ್ಟ ತುಳಸಿಕಟ್ಟೆ ಚುಚ್ಚಿಸಿದಳು. ಅಳಬಾರದು ಎಂದು ಬಾಯಿಗೆ ಬೆಲ್ಲ ಹಾಕಿದ್ದಳು. ನನಗೆ ಅದು ಬಹಳ ಇಷ್ಟವಾಗಿತ್ತು.

ಅಮ್ಮ ದೇವಸ್ಥಾನದಿಂದ ಬಂದು ನೋಡಿದಳು. ಅತ್ತೆಗೆ ಎದುರು ಮಾತಾಡುವ ಕಾಲ ಅದಲ್ಲ, ಅತ್ತೆಗೊಂದು ಕಾಲ ಸೊಸೆಗೊಂದು ಕಾಲ. ಸೊಸೆಯ ಕಾಲ ಬಂದದ್ದು ಅಜ್ಜಿ ತೀರಿಕೊಂಡ ಮೇಲೆ. ನಾನು ಕೆಲಸಕ್ಕೆ ಅರ್ಜಿ ಹಾಕಿದ್ದೆ. ಇಂಟರ್‌ವ್ಯೂಗೆ ಇನ್ನೂ ವಾರವಿರುವಾಗ ಅಮ್ಮ ಸುಣ್ಣಕ್ಕೆ ಸೋಡ ಕಲಸಿ ಹಚ್ಚೆಯ ಮೇಲೆ ಮೆತ್ತಿ ಬಟ್ಟೆ ಕಟ್ಟಿದಳು. ಆಫೀಸಿನವರು ನನ್ನನ್ನು ಹಳ್ಳಿಗುಗ್ಗು ಎಂದುಕೊಳ್ಳಬಾರದಲ್ಲ, ಅದಕ್ಕೆ. ಹಚ್ಚೆ ಹೋಗಲಿಲ್ಲ, ಚರ್ಮ ಹೋಯಿತು. ಇಂಟರ್‌ವ್ಯೂ ದಿನ ಗಾಯವನ್ನು ಮುಚ್ಚಲು ಅಪ್ಪನ ಅಗಲ ಪಟ್ಟಿಯ ವಾಚು ಕಟ್ಟಿ, "ಒಂದು ದಿನ ತಾನೇ" ಎಂದಳು. ಕೆಲಸ ಸಿಕ್ಕಿತು. ಆಮೇಲೆ ಮೂವತ್ತಾರು ವರ್ಷ, ನಿವೃತ್ತಿಯಾಗುವವರೆಗೆ, ಅಗಲ ಪಟ್ಟಿಯ ವಾಚು ಇಲ್ಲದೆ ನಾನು ಹೊಸಿಲು ದಾಟಲಿಲ್ಲ. ನಾಲ್ಕು ಜನ ಏನಂತಾರೆ ಎಂಬ ಭಯ. ಆ ನಾಲ್ಕು ಜನ ಯಾರೆಂದು ನನಗೆ ಇವತ್ತಿಗೂ ಗೊತ್ತಾಗಿಲ್ಲ.

ಹಲ್ಲಿ ಬಂದು ಮೂರು ತಿಂಗಳಿಗೆ ಆಷಾಢದ ಏಕಾದಶಿ ಬಂತು. ಅವತ್ತು ನಮ್ಮ ಮಾಧ್ವರಿಗೆ ಮುದ್ರಾಧಾರಣೆ. ಹೋಮದ ಬೆಂಕಿಯಲ್ಲಿ ಕಾಸಿದ ಲೋಹದ ಮುದ್ರೆಗಳನ್ನು ಸ್ವಾಮಿಗಳು ಒಬ್ಬೊಬ್ಬರ ಮೈಗೂ ಒತ್ತುತ್ತಾರೆ. ಹೆಂಗಸರಿಗಾದರೆ ಬಲಗೈಗೆ ಚಕ್ರ, ಎಡಗೈಗೆ ಶಂಖ. ಚುರ್ ಎನ್ನುತ್ತದೆ, ಕೆಲವು ದಿನ ಕಲೆ ಉಳಿಯುತ್ತದೆ. ಅಮ್ಮ ಆ ಕಲೆಯನ್ನು ವಾರವಿಡೀ ಅಪಾರ್ಟ್‌ಮೆಂಟಿನ ಲಿಫ್ಟಿನಲ್ಲಿ ಸಿಕ್ಕಿದವರಿಗೆಲ್ಲ ತೋರಿಸುತ್ತಾಳೆ. ಹೀಗೆ ಮೈ ಸುಡಿಸಿಕೊಂಡು ಹೆಮ್ಮೆಪಡುವ ಜನಕ್ಕೆ ಸೂಜಿಯಲ್ಲಿ ಚುಚ್ಚಿದ ಚಿತ್ರ ಮಾತ್ರ ಹೇಗೆ ಅಸಿಂಗವಾಗುತ್ತದೆ ಎಂದು ಕೇಳಿದ್ದಕ್ಕೆ, "ಅದೂ ಇದೂ ಒಂದೇನಾ? ಸುಮ್ನಿರೇ" ಎಂದಳು. ಒಂದೇ ಅಲ್ಲ ಎಂದು ನನಗೂ ಗೊತ್ತು. ಆದರೆ ಎರಡನ್ನೂ ಹೊರುವುದು ಒಂದೇ ಚರ್ಮ.

ಮಗಳು ಕೈಗೂಸಾಗಿದ್ದಾಗಿನಿಂದ ಒಂದು ವರ್ಷವೂ ಮುದ್ರೆ ತಪ್ಪಿಸಿದವಳಲ್ಲ. ಅವಳಿಗೆ ಅದು ತಾತನ ನೆನಪು, ಹಿಂದೆ ನನ್ನ ಅಪ್ಪನೇ ಅವಳನ್ನು ಹೆಗಲ ಮೇಲೆ ಕೂರಿಸಿಕೊಂಡು ಹೋಗುತ್ತಿದ್ದರು. ಅವತ್ತು ಬೆಳಿಗ್ಗೆ ಅವಳು ಸ್ನಾನ ಮಾಡಿ ಸೀರೆಯುಟ್ಟು ಹೊರಬಂದಾಗ ಅಮ್ಮ ಬ್ಯಾಂಡೇಜಿನ ಸುರುಳಿ ಹಿಡಿದು ಕಾಯುತ್ತಿದ್ದಳು. ಮುಂಗೈಯನ್ನು ಪೂರ್ತಿ ಸುತ್ತಿದಳು. ಯಾರಾದರೂ ಕೇಳಿದರೆ ಕುಕ್ಕರ್ ಸುಟ್ಟಿತು ಎನ್ನಬೇಕಂತೆ.

ನಾನು ಬಾಯಿ ತೆರೆಯುವ ಮುಂಚೆ ಮಗಳೇ, "ವಿಡು ಮಾ. ಒರು ನಾಳ್ ತಾನೇ," ಎಂದಳು. ನಾವು ಕನ್ನಡದಲ್ಲಿ ಕೇಳಿದ್ದಕ್ಕೆ ಅವಳದು ಯಾವಾಗಲೂ ತಮಿಳಿನಲ್ಲೇ ಉತ್ತರ. ಹೋಗಲಿ ಬಿಡಮ್ಮಾ, ಒಂದು ದಿನ ತಾನೇ. ನನ್ನ ಕೈಗೆ ವಾಚು ಕಟ್ಟುವಾಗ ಅಮ್ಮ ಅಂದದ್ದೂ ಇದನ್ನೇ. ಆದರೂ ಸುಮ್ಮನಿದ್ದೆ. ಅದು ನನ್ನ ಹಳೆಯ ರೋಗ.

ಎಲೆಕ್ಟ್ರಿಕ್ ಟ್ರೇನಿನಲ್ಲಿ ಮಾಂಬಲಂವರೆಗೆ, ಅಲ್ಲಿಂದ ಆಟೋ. ಮಠದ ಸಾಲು ಬೀದಿಗೆ ಬಂದಿತ್ತು. ಬಾಯಿಗೆ ಒಂದು ಹನಿ ನೀರಿಲ್ಲದೆ ಎರಡು ಗಂಟೆ ನಿಂತೆವು. ಸಾಲಿನಲ್ಲಿ ಸಿಕ್ಕ ಪರಿಚಯದವರಿಗೆಲ್ಲ ಅಮ್ಮ ಕುಕ್ಕರಿನ ಕಥೆ ಹೇಳಿದಳು. ಹೇಳುತ್ತ ಹೇಳುತ್ತ ಕಥೆಗೆ ರೆಕ್ಕೆಪುಕ್ಕ ಬಂದು, ವಿಸಿಲ್ ಹಾರಿತು, ಬೇಳೆ ಚಿಮ್ಮಿತು, ಡಾಕ್ಟರು ಬೈದರು ಎನ್ನುವವರೆಗೂ ಬೆಳೆಯಿತು.

ಹೋಮಕುಂಡದ ಹತ್ತಿರ ಬಂದಾಗ ಸಾಲು ನೋಡಿಕೊಳ್ಳುತ್ತಿದ್ದ ಹಿರಿಯರು ಮಗಳ ಕೈ ನೋಡಿದರು. "ಸುಟ್ಟ ಗಾಯ ಇದ್ಯಲ್ಲಮ್ಮಾ. ಅದರ ಮೇಲೆ ಬೇಡ. ಬರೋ ವರ್ಷ ಮಾಡಿಸ್ಕೊ," ಎಂದು ಬಹಳ ಕರುಣೆಯಿಂದ ಹೇಳಿ ಅವಳನ್ನು ಪಕ್ಕಕ್ಕೆ ನಿಲ್ಲಿಸಿದರು. ಅವರದೇನೂ ತಪ್ಪಿರಲಿಲ್ಲ.

ಮಗಳು ನನ್ನನ್ನು ನೋಡಲಿಲ್ಲ, ತನ್ನ ಪಾಟಿಯನ್ನು, ನನ್ನ ಅಮ್ಮನನ್ನು, ನೋಡಿದಳು. ಒಂದು ಮಾತು ಹೇಳಿದರೆ ಸಾಕಿತ್ತು. ಅಮ್ಮ ತುಟಿ ಬಿಗಿಹಿಡಿದು ನೆಲ ನೋಡಿದಳು. ಮೊಮ್ಮಗಳ ಮುದ್ರೆ ತಪ್ಪಿದರೂ ಚಿಂತೆಯಿಲ್ಲ, ಹಲ್ಲಿ ಮಾತ್ರ ಕಾಣಬಾರದು. ಹುಡುಗಿಯ ಕಣ್ಣು ತುಂಬಿತು.

ನಾನು ಸಾಲು ಬಿಟ್ಟು ಹೋಗಿ ಅವಳ ಕೈ ಹಿಡಿದು ಬ್ಯಾಂಡೇಜು ಬಿಚ್ಚಿದೆ. ಅಮ್ಮ ಏಳೆಂಟು ಸುತ್ತು ಸುತ್ತಿದ್ದಳು, ಸಾವಕಾಶವಾಗಿಯೇ ಬಿಚ್ಚಿದೆ. "ಗಾಯ ಇಲ್ಲ ಸ್ವಾಮಿ. ಹಲ್ಲಿ ಇದೆ," ಎಂದೆ.

ಹಿಂದಿನಿಂದ ಒಬ್ಬಾಕೆ, "ಅಯ್ಯೋ ಅಸಿಂಗ! ನಮ್ಮ ಮನೆ ಹುಡುಗೀರು ಮಾಡೋ ಕೆಲಸನಾ ಇದು?" ಎಂದರು.

"ನಮ್ಮ ಮನೆ ಹುಡುಗೀನೇ ಮಾಡಿದ್ದು," ಎಂದು ಅವರ ಕಡೆ ತಿರುಗಿ ಹೇಳಿದೆ. ನನ್ನ ಧ್ವನಿ ಅಷ್ಟು ದೊಡ್ಡದಿದೆ ಎಂದು ನನಗೇ ಗೊತ್ತಿರಲಿಲ್ಲ. "ಅಸಿಂಗ ಅನ್ನಿಸಿದ್ರೆ ನೋಡಬೇಡಿ. ಮುದ್ರೆ ಕೊಡಬಾರದು ಅಂತ ಶಾಸ್ತ್ರ ಇದ್ರೆ ಹೇಳಿ, ಕೇಳಿಕೊಂಡು ಹೋಗ್ತೀವಿ."

ಹಿರಿಯರು ಹಲ್ಲಿಯನ್ನು ನೋಡಿದರು, ಉದ್ದವಾಗುತ್ತಿದ್ದ ಸಾಲನ್ನು ನೋಡಿದರು, ಮುಂದೆ ಹೋಗು ಎಂದು ಕೈ ಮಾಡಿದರು. ಸ್ವಾಮಿಗಳು ತಲೆಯೆತ್ತದೆ, ಹಿಂದಿನ ನೂರಾರು ಕೈಗಳಿಗೆ ಒತ್ತಿದಂತೆಯೇ, ಹಲ್ಲಿಯ ಬಾಲದ ಪಕ್ಕದಲ್ಲಿ ಚಕ್ರ ಒತ್ತಿದರು.

ವಾಪಸು ಬರುವಾಗ ಅಮ್ಮ ಟ್ರೇನಿನಲ್ಲಿ ನಮ್ಮಿಂದ ದೂರ ಕೂತಳು. ಸಂಜೆಯ ಹೊತ್ತಿಗೆ ಅವಳ ಮುದ್ರೆಯ ಸುತ್ತ ಕೆಂಪಾಗಿತ್ತು, ವಯಸ್ಸಾದ ತೆಳು ಚರ್ಮ. ನಾನು ಗೋಪೀಚಂದನ ತೇಯ್ದು ತಂದು, ಹತ್ತಿರ ಕೂತು, ಬಲಗೈಗೆ ಹಚ್ಚತೊಡಗಿದೆ.

"ಅಷ್ಟು ಜನರೆದುರು ನನ್ನ ಮಾನ ತೆಗ್ದೆ," ಎಂದಳು.

"ಸುಳ್ಳು ಹೇಳಿದ್ದು ನೀನು."

"ಅವಳ ಒಳ್ಳೇದಕ್ಕೆ ಹೇಳ್ದೆ. ಅವತ್ತು ನಿನ್ನ ಕೈಗೆ ಸುಣ್ಣ ಕಟ್ಟಿದ್ದೂ ನಿನ್ನ ಒಳ್ಳೇದಕ್ಕೇ. ಹೌದೋ ಅಲ್ವೋ ಹೇಳು."

ಈ ಪ್ರಶ್ನೆಯನ್ನು ಅವಳು ಎಷ್ಟೋ ಸಲ ಕೇಳಿದ್ದಳು. ಪ್ರತಿ ಸಲವೂ ನಾನು ಹೌದಮ್ಮಾ ಎಂದಿದ್ದೆ. ಮಗಳು ಬಾಗಿಲ ಹತ್ತಿರ ನಿಂತು ಕೇಳಿಸಿಕೊಳ್ಳುತ್ತಿದ್ದಳು.

"ಅಲ್ಲಮ್ಮಾ," ಎಂದೆ. "ನಿನ್ನ ನಾಚಿಕೆಗೆ ಕಟ್ಟಿದ್ದು. ನನಗೆ ತುಂಬಾ ಉರೀತು."

ಅಮ್ಮ ಗೋಡೆಯ ಕಡೆಗೆ ಮುಖ ತಿರುಗಿಸಿದಳು. ಬಲಗೈಯದು ಮುಗಿದಿತ್ತು.

"ಇನ್ನೊಂದು ಕೈ ಕೊಡು," ಎಂದೆ. ಮುಖ ತಿರುಗಿಸದೆಯೇ ಕೊಟ್ಟಳು.