ಪಾದರಸದಣ್ಣ ನಂಬದ ಅಂಕಿ

ರಕ್ತದೊತ್ತಡ ಅಳೆಯುವ ಯಂತ್ರಗಳನ್ನು ರಿಪೇರಿ ಮಾಡುವ ಆ ಮನುಷ್ಯನಿಗೆ ಆಸ್ಪತ್ರೆಯ ನರ್ಸುಗಳು ಇಟ್ಟ ಹೆಸರು ಪಾದರಸದಣ್ಣ. ಮೂವತ್ತೊಂದು ವರ್ಷ ಅವನು ಮಾಡಿದ್ದು ಅದೊಂದೇ ಕೆಲಸ. ಮನೆಯ ಮುಂದಿನ ಕೋಣೆಯಲ್ಲಿ ಉದ್ದನೆಯ ಮೇಜು, ಅದರ ಮೇಲೆ ಗಾಜಿನ ಕೊಳವೆಗಳು, ಬಿರುಕು ಬಿಟ್ಟ ರಬ್ಬರ್ ನಳಿಕೆಗಳು. ಒಳಕೋಣೆಯಲ್ಲಿ ಹೆಂಡತಿಯ ಹೊಲಿಗೆ ಯಂತ್ರ. ತೋಳಿಗೆ ಸುತ್ತುವ ಬಟ್ಟೆಪಟ್ಟಿ ಹರಿದು ಬಂದರೆ ಹೊಸದನ್ನು ಹೊಲಿಯುವವಳು ಅವಳು.

ಯಂತ್ರಗಳ ಮೇಲೆ ಅವನಿಗೆ ಎಳ್ಳಷ್ಟೂ ನಂಬಿಕೆ ಇರಲಿಲ್ಲ. ಎಲ್ಲ ಯಂತ್ರವೂ ನಿಜ ಹೇಳಿದ್ದರೆ ಅವನ ಹೊಟ್ಟೆ ತುಂಬುತ್ತಿತ್ತೆ? ಪಾದರಸ ಕಡಿಮೆಯಾದರೆ ಅಂಕಿ ಇಳಿಯುತ್ತದೆ, ಗಾಳಿ ಸೋರಿದರೂ ಇಳಿಯುತ್ತದೆ. "ಅಂಕಿ ತೀರಾ ಇಳಿದ್ರೆ ಮೊದಲು ರಬ್ಬರ್ ನೋಡಿ, ಆಮೇಲೆ ರೋಗಿ" ಎಂದು ನರ್ಸುಗಳಿಗೇ ಪಾಠ ಹೇಳುತ್ತಿದ್ದ. ನೂರಕ್ಕೆ ತೊಂಬತ್ತೊಂಬತ್ತು ಸಲ ಅವನು ಹೇಳಿದ್ದೇ ಸರಿಯಾಗಿತ್ತು. ಮನುಷ್ಯನನ್ನು ಕೆಡಿಸಲು ಅಷ್ಟು ಸಾಕು.

ಹೆಂಡತಿಗೆ ಐವತ್ತರ ಮೇಲೆ ರಕ್ತದೊತ್ತಡ ಶುರುವಾಯಿತು. ಡಾಕ್ಟರು ದಿನಕ್ಕೊಂದು ಮಾತ್ರೆ ಕೊಟ್ಟರು. ನೂರ ಎಪ್ಪತ್ತು ಇದ್ದದ್ದು ನೂರ ನಲವತ್ತಕ್ಕೆ ಬಂತು. ಅವನಿಗೆ ಅದು ಸಾಲಲಿಲ್ಲ. ಅದೇ ಸಮಯಕ್ಕೆ ಆಸ್ಪತ್ರೆಯ ಗೋಡೆಯ ಮೇಲೊಂದು ಚಿತ್ರಪಟ ಕಂಡಿತು: ಗ್ರೇಪ್‌ಫ್ರೂಟ್ ಹೃದಯಕ್ಕೆ ಒಳ್ಳೆಯದು, ರಕ್ತದೊತ್ತಡಕ್ಕೂ ಒಳ್ಳೆಯದು. ನೋಡಲು ಚಕ್ಕೋತದ ತಮ್ಮನಂತಿರುವ ಆ ಹಣ್ಣನ್ನು ಅವತ್ತೇ ಹುಡುಕಿಕೊಂಡು ಬಂದ. ಪಟದ ಕೊನೆಯಲ್ಲಿ, ಮಾತ್ರೆ ನುಂಗುವವರು ವೈದ್ಯರನ್ನು ಕೇಳಬೇಕು ಎಂದು ಸಣ್ಣಕ್ಷರದಲ್ಲಿ ಇತ್ತು. ಯಂತ್ರದ ಕೈಪಿಡಿಯನ್ನು ಕೊನೆಯ ಪುಟದವರೆಗೆ ಓದುವ ಮಹಾನುಭಾವ ಅಷ್ಟು ದೂರ ಓದಲಿಲ್ಲ.

ದಿನಾ ಬೆಳಿಗ್ಗೆ ಅವನೇ ರಸ ಹಿಂಡಿ, ಮಾತ್ರೆಯ ಜೊತೆಗೆ ಲೋಟ ತುಂಬಾ ಕೊಡುತ್ತಿದ್ದ.

"ಕಹಿ ರೀ," ಎಂದಳು ಅವಳು. "ಮದುವೆಯಾದ ಮೇಲೆ ಮೊದಲನೇ ಸಲ ಅಡುಗೆಮನೆಗೆ ಬಂದಿದ್ದೀರಿ, ಇದಕ್ಕೇನಾ?"

"ಕುಡಿ. ಹೃದಯಕ್ಕೆ ಒಳ್ಳೇದು."

"ನನ್ನ ಹೃದಯದ ನೆನಪು ಈಗ ಬಂತಾ ನಿಮಗೆ?"

ನಕ್ಕಳು, ಕುಡಿದಳು. ಗಂಡ ಕೈಯಾರೆ ಹಿಂಡಿದ್ದು ಎಂಬ ಒಂದೇ ಕಾರಣಕ್ಕೆ ಕುಡಿದಳು. ವಾರದೊಳಗೆ ಅಂಕಿ ನೂರ ಇಪ್ಪತ್ತಕ್ಕೆ ಇಳಿಯಿತು. ಅವನು ಹಿಗ್ಗಿ ಹೀರೇಕಾಯಿಯಾಗಿ ಒಂದು ಲೋಟವನ್ನು ಎರಡು ಮಾಡಿದ.

ಆಮೇಲೆ ಒಂದು ದಿನ ತೊಂಬತ್ತೆರಡು ತೋರಿಸಿತು.

"ಗಾಳಿ ಸೋರ್ತಿದೆ," ಎಂದ. ನಳಿಕೆ ಬದಲಿಸಿದ. ಮರುದಿನ ತೊಂಬತ್ತು. ಬಟ್ಟೆಪಟ್ಟಿ ಬದಲಿಸಿದ, ಪಾದರಸ ಸೋಸಿ ತುಂಬಿದ. ಎಂಬತ್ತೆಂಟು. ಮೇಜಿನ ಮೇಲಿದ್ದ ಇನ್ನೊಂದು ಯಂತ್ರ ಕಟ್ಟಿ ನೋಡಿದರೆ ಅದೂ ಎಂಬತ್ತೆಂಟೇ. ಹಾಗಲಕಾಯಿಗೆ ಬೇವಿನಕಾಯಿ ಸಾಕ್ಷಿ ಎಂದುಕೊಂಡ. ರಿಪೇರಿಗೆ ಬಂದ ಯಂತ್ರದ ಮಾತನ್ನು ಯಾರಾದರೂ ನಂಬುತ್ತಾರೆಯೇ? ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಇವನು ನೆಟ್ಟಗಿದ್ದ ನೆಲವನ್ನೇ ಕೆತ್ತುತ್ತಾ ಕೂತ.

"ಎದ್ರೆ ಕಣ್ಣು ಕತ್ತಲೆ ಬರುತ್ತೆ," ಎಂದಳು ಅವಳು. "ಕಾಲು ಊದಿದೆ, ನೋಡಿ."

"ಇಡೀ ದಿನ ಹೊಲಿಗೆ ಮುಂದೆ ಕೂತ್ರೆ ಇನ್ನೇನಾಗುತ್ತೆ? ಸ್ವಲ್ಪ ತಡಿ, ಈ ಯಂತ್ರ ಸರಿಮಾಡಿ ನೋಡೋಣ."

ಐದು ದಿನ ತಡೆದಳು. ಆರನೆಯ ದಿನ, ಅವನು ಮುಂದಿನ ಕೋಣೆಯಲ್ಲಿ ಮೂರನೆಯ ಬಾರಿ ಅದೇ ಯಂತ್ರದ ತಿರುಪು ಬಿಚ್ಚುತ್ತಿದ್ದಾಗ ಒಳಗೆ ಧೊಪ್ಪೆಂದಿತು. ಹೊಲಿಗೆ ಮುಗಿಸಿ ಎದ್ದವಳು ಹಾಗೇ ಬಿದ್ದಿದ್ದಳು. ಸೊಂಟದ ಮೂಳೆ ಮುರಿದಿತ್ತು.

ಆಸ್ಪತ್ರೆಯಲ್ಲಿ ನರ್ಸು ತೋಳಿಗೆ ಪಟ್ಟಿ ಸುತ್ತಿ ಗಾಳಿ ಊದಿದಳು. ಎಂಬತ್ತನಾಲ್ಕು. ಅಲ್ಲಿದ್ದದ್ದು ಹೋದ ತಿಂಗಳು ಅವನೇ ಸರಿಮಾಡಿ ಕಳಿಸಿದ ಯಂತ್ರ, ಹೆಂಡತಿಯೇ ಹೊಲಿದ ಪಟ್ಟಿ. ಅವನು ರಬ್ಬರಿನ ಮಾತೆತ್ತಲಿಲ್ಲ.

"ಮಾತ್ರೆ ಜೊತೆ ಏನು ಕುಡೀತಾರೆ?" ಎಂದು ಡಾಕ್ಟರು ಕೇಳಿದರು. ಅವನು ಹೇಳಿದ.

"ಹಣ್ಣು ಒಳ್ಳೇದೇ. ಆದ್ರೆ ಈ ಮಾತ್ರೆ ನುಂಗೋರಿಗಲ್ಲ. ಮಾತ್ರೆಯಲ್ಲಿ ಒಂದು ಪಾಲನ್ನ ಕರುಳು ಮೊದಲೇ ಕರಗಿಸಿ ಹಾಕುತ್ತೆ, ಆ ಲೆಕ್ಕ ಇಟ್ಕೊಂಡೇ ನಾವು ಕೊಡೋದು. ಈ ರಸ ಅದನ್ನ ತಡೆಯುತ್ತೆ. ಒಂದು ನುಂಗಿದ್ರೆ ಎರಡು ಮೂರು ನುಂಗಿದ ಹಾಗೆ."

"ಮಾತ್ರೆ ಬೆಳಿಗ್ಗೆ, ರಸ ಸಂಜೆ ಕೊಟ್ಟಿದ್ರೆ..."

"ಆಗ್ಲೂ ಅಷ್ಟೇ. ಅದರ ಪ್ರಭಾವ ದಿನಗಟ್ಟಲೆ ಇರುತ್ತೆ. ಅಂಕಿ ಇಳೀತಿತ್ತಲ್ಲ, ಯಾಕೆ ಬರ್ಲಿಲ್ಲ ನೀವು?"

ಉತ್ತರ ಕೊಟ್ಟವಳು ಹಾಸಿಗೆಯ ಮೇಲಿದ್ದವಳು.

"ನಾನು ಹೇಳ್ದೆ, ನಂಬಲಿಲ್ಲ. ಯಂತ್ರ ಹೇಳ್ತು, ಅದನ್ನೂ ನಂಬಲಿಲ್ಲ. ಇನ್ಯಾರು ಹೇಳ್ಬೇಕಿತ್ತು ಇವರಿಗೆ?"

ಈಗ ಅವಳು ಹೊಲಿಗೆ ಯಂತ್ರ ತುಳಿಯಲಾರಳು. ಕೋಲು ಹಿಡಿದು ಕಿಟಕಿಯವರೆಗೆ ಹೋಗಿ ಬಂದರೆ ಅದೇ ದೊಡ್ಡದು. ಬಟ್ಟೆಪಟ್ಟಿಗಳನ್ನು ಅವನೇ ಸೊಟ್ಟಸೊಟ್ಟಗೆ ಹೊಲಿಯುತ್ತಾನೆ. ತಾನು ಪ್ರೀತಿಯಿಂದ ಮಾಡಿದ ಒಂದೇ ಒಂದು ಕೆಲಸ ಹೀಗಾಯಿತಲ್ಲ ಎಂಬ ಸಂಕಟ ಅವನನ್ನು ತಿನ್ನುತ್ತದೆ. ಅದನ್ನು ಯಾರ ಮುಂದೆ ಹೇಳಿಕೊಳ್ಳುವುದು? ಮಾತ್ರೆಯನ್ನು ನೀರಿನಲ್ಲೇ ಕೊಡುತ್ತಾನೆ. ಆಮೇಲೆ ಅವಳ ತೋಳಿಗೆ ಪಟ್ಟಿ ಸುತ್ತಿ, ಅಂಕಿಯನ್ನು ಗಟ್ಟಿಯಾಗಿ ಓದುತ್ತಾನೆ.

"ನೂರ ಮೂವತ್ತೆಂಟು."

"ಯಂತ್ರ ಸರಿ ಇದೆಯಾ?" ಎಂದು ಅವಳು ಕೇಳುತ್ತಾಳೆ.

"ಸರಿ ಇದೆ."

ಒಂದು ದಿನವೂ ತಪ್ಪದೆ ಕೇಳುತ್ತಾಳೆ.